ಜಗಲಿಯ ಕೋಣೆ

ಅಂಕೋಲೆಯ ನಮ್ಮ ಹಳೆಯ ಮನೆಯ ಕಾಗದದ ಪೆಟ್ಟಿಗೆಯಲ್ಲಿ 1911ನೆಯ ಇಸವಿಯ ಒಂದು ವಿಭಾಗಪತ್ರವಿದೆ. ಅಣ್ಣತಮ್ಮಂದಿರು ಮೂವರು, ಪಾಲು ಮಾತ್ರ ಎರಡು. ನನ್ನ ಅಜ್ಜನಿಗೊಂದು, ದೊಡ್ಡಜ್ಜನಿಗೊಂದು. ಚಿಕ್ಕಜ್ಜನ ಹೆಸರು ಕೊನೆಗೆ ಬರುತ್ತದೆ: ಕಣ್ಣಿಲ್ಲದವರಾದ ಕಾರಣ ಅವರಿಗೆ ಜೀವವಿರುವ ತನಕ ಅನ್ನವಸ್ತ್ರ, ವಾಸಕ್ಕೆ ಜಗಲಿಯ ತೆಂಕಣ ತುದಿಯ ಕೋಣೆ.

ಬಹಳ ದಿನ ನಾನು ಇದನ್ನು ನಮ್ಮ ಹಿರಿಯರ ಕಲ್ಲೆದೆಯೆಂದೇ ತಿಳಿದಿದ್ದೆ. ಆಮೇಲೆ ಧರ್ಮಶಾಸ್ತ್ರದ ಪುಟ ತಿರುವಿದಾಗ ತಿಳಿಯಿತು, ಕಲ್ಲು ಇನ್ನೂ ಹಿಂದಿನದು. ಕುಂಟ, ಕುರುಡ, ಜಡ, ಹುಚ್ಚ, ವಾಸಿಯಾಗದ ರೋಗದವ—ಇವರಿಗೆ ಪಾಲಿಲ್ಲ, ಆದರೆ ಸಾಕಬೇಕು ಎಂಬುದು ಯಾಜ್ಞವಲ್ಕ್ಯನ ಮತ. ಅದಕ್ಕೆ ಮಿತಾಕ್ಷರಾ ಎಂಬ ಟೀಕೆ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನಿಗೆ ಅನ್ಯಾಯ ಮಾಡಬಾರದು. ಪಾಲಾದ ಮೇಲೆ ಬಂದ ದೋಷದಿಂದ ಪಾಲು ಹೋಗದು, ಔಷಧದಿಂದ ದೋಷ ಕಳೆದರೆ ಪಾಲು ಮರಳಿ ಬರುತ್ತದೆ, ದೋಷವಿಲ್ಲದ ಮಗನಿಗೆ ತಂದೆಯ ಪಾಲು ಸಲ್ಲುತ್ತದೆ ಎಂದು ಸಾಧ್ಯವಾದ ಕಡೆಯೆಲ್ಲ ಅವನು ಬಾಗಿಲನ್ನು ಕೊಂಚ ತೆರೆದೇ ಇಟ್ಟಿದ್ದಾನೆ. ಪೂರ್ತಿ ತೆರೆಯಲಿಲ್ಲ, ಅಷ್ಟೆ.

1862ರಲ್ಲಿ ಉತ್ತರ ಕನ್ನಡ ಮುಂಬಯಿ ಇಲಾಖೆಗೆ ಸೇರಿತು. ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಅಲ್ಲಿಯ ನ್ಯಾಯಾಧೀಶರಲ್ಲಿ ಒಬ್ಬರು ಸತ್ಯೇಂದ್ರನಾಥ ಠಾಕೂರರು. ತಮ್ಮ ರವೀಂದ್ರನಾಥರು 1880ರ ದಶಕದಲ್ಲಿ ಅಣ್ಣನ ಮನೆಗೆ ಬಂದು ನಮ್ಮ ಕಡಲನ್ನು ಕಂಡು ನಾಟಕ ಬರೆದದ್ದನ್ನು ಕಾರವಾರದ ಶಾಲಾಬಾಲಕನೂ ಹೇಳಬಲ್ಲ. ಅಣ್ಣನ ಮೇಜಿನ ಮೇಲೆ ಯಾವ ಕಾನೂನು ಇತ್ತೆಂದು ನಾವು ಕೇಳುವುದಿಲ್ಲ. ಹಿಂದೂ ಮನೆತನಗಳ ಪಾಲಿನ ವ್ಯಾಜ್ಯಕ್ಕೆ ಇದ್ದದ್ದು ಇದೇ ಮಿತಾಕ್ಷರಾ. ವಿಚಿತ್ರವೆಂದರೆ, ಜಾತಿಯಿಂದ ಹೊರಗಾದವನ ಮತ್ತು ಧರ್ಮ ಬಿಟ್ಟವನ ಆಸ್ತಿಯ ಹಕ್ಕನ್ನು ಕಂಪನಿ ಸರಕಾರ 1850ರಲ್ಲೇ ಕಾಯಿದೆ ಮಾಡಿ ಉಳಿಸಿತ್ತು. ಕುರುಡನ ನೆನಪು ಬರಲು ಇನ್ನೂ ಎಪ್ಪತ್ತೆಂಟು ವರ್ಷ ಹಿಡಿಯಿತು.

ಆದರೂ ನ್ಯಾಯಾಲಯಗಳು ಒಂದು ಉಪಕಾರ ಮಾಡಿದ್ದವು. ಕುರುಡು ಹುಟ್ಟಿನಿಂದಲೇ ಬಂದದ್ದಾಗಿದ್ದರೆ ಮಾತ್ರ ಪಾಲು ತಪ್ಪುತ್ತದೆ, ನಡುವೆ ಬಂದದ್ದಾದರೆ ಇಲ್ಲ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೀರ್ಮಾನಿಸಿದ್ದವು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. ನಮ್ಮ ಚಿಕ್ಕಜ್ಜ ಹುಟ್ಟುಕುರುಡರಲ್ಲ. ನಾಲ್ಕನೆಯ ವಯಸ್ಸಿನಲ್ಲಿ ಸಿಡುಬು ಬಂದು ಕಣ್ಣು ಹೋಯಿತೆಂದು ತಂದೆ ಎಷ್ಟೋ ಸಲ ಹೇಳಿದ್ದರು. ಅಂದರೆ 1911ರಲ್ಲಿ ಆ ಮನೆಯ ಮೂರರಲ್ಲೊಂದು ಪಾಲು ಅವರದೇ. ಜಗಲಿಗೆ ಬಂದು ಹಾಗೆಂದು ಹೇಳುವವರು ಯಾರೂ ಇರಲಿಲ್ಲ. ಅಜ್ಜನಿಗೆ ಗೊತ್ತಿತ್ತೋ ಇಲ್ಲವೋ; ಗೊತ್ತಿರಲಿಲ್ಲವೆಂದು ನಂಬಲು ನನಗೆ ಇಷ್ಟ.

1928ರ ಕಾಯಿದೆ ರೋಗ, ಅಂಗದೋಷಗಳ ಕಾರಣಕ್ಕೆ ಪಾಲು ತಪ್ಪಿಸಕೂಡದೆಂದಿತು. ಹುಟ್ಟಿನಿಂದ ಬುದ್ಧಿವಿಕಲರಾದವರನ್ನು ಮಾತ್ರ ಹೊರಗೆ ಬಿಟ್ಟಿತು. ಹಿಂದೆ ಆಗಿಹೋದ ಪಾಲುಗಳನ್ನು ಅದು ಮುಟ್ಟಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಯಾವ ರೋಗವೂ ಯಾವ ಊನವೂ ವಾರಸಿಕೆಗೆ ಅಡ್ಡಿಯಲ್ಲವೆಂದು ಸಾರಿತು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಬಂದಿತು.

ಆದರೆ ಹಕ್ಕು ಬಂದೊಡನೆ ಹೆಸರು ದಾಖಲೆಗೆ ಬರುವುದಿಲ್ಲ. 1986ರಲ್ಲಿ ರಾಜೀವ ಗಾಂಧಿಯವರು ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ ಬಿಟ್ಟು ಏಳಬೇಕಾಯಿತು. ಇಂಥ ಹೊತ್ತಿನಲ್ಲಿ ಸರಕಾರ ಮೊದಲು ನೋಡುವುದು ಕಾಗದದ ಮೇಲಿನ ಹೆಸರನ್ನು. ಜಗಲಿಯ ಕೋಣೆಯಲ್ಲಿ ಇನ್ನೊಬ್ಬರ ಕರುಣೆಯಿಂದ ಇದ್ದವರ ಮಾತು ಆಗ ಬಹಳ ಮೆಲ್ಲಗೆ ಕೇಳಿಸುತ್ತದೆ.

ಈಗ 2016ರ ಕಾಯಿದೆಯಿದೆ. ಅಂಗವಿಕಲರಿಗೆ ಆಸ್ತಿ ಹೊಂದುವ, ಬ್ಯಾಂಕಿನ ಸಾಲ ಪಡೆಯುವ ಸಮಾನ ಹಕ್ಕನ್ನು ಅದು ಬಾಯಿಬಿಟ್ಟು ಹೇಳಿದೆ. ಸರಕಾರಿ ವಸತಿ ಯೋಜನೆಗಳಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಊನವುಳ್ಳವರಿಗೆ ಶೇಕಡಾ 5ರ ಮೀಸಲು, ಅದರಲ್ಲಿ ಹೆಂಗಸರಿಗೆ ಆದ್ಯತೆ. ಆದರೆ ನನಗೆ ಹೆಚ್ಚು ಮೆಚ್ಚಿಕೆಯಾದದ್ದು 1908ರ ನೋಂದಣಿ ಕಾಯಿದೆಯ ಒಂದು ಕಲಮು: ದೇಹದ ಅಶಕ್ತಿಯಿಂದ ಕಚೇರಿಗೆ ಬರಲು ತೀರ ತೊಂದರೆಯಾಗುವವರ ಮನೆಗೆ ರಜಿಸ್ಟ್ರಾರನೇ ಹೋಗಬೇಕು, ಇಲ್ಲವೆ ಕಮಿಶನ್ ಕಳುಹಿಸಬೇಕು. ನಮ್ಮ ವಿಭಾಗಪತ್ರಕ್ಕಿಂತ ಮೂರು ವರ್ಷ ಹಿರಿದು ಅದು! ಚಿಕ್ಕಜ್ಜನ ಸಹಿ ಬೇಕೆಂದು ಯಾರಿಗಾದರೂ ತೋರಿದ್ದರೆ ಕಚೇರಿಯೇ ಜಗಲಿಗೆ ಬರುತ್ತಿತ್ತು.

ಎರಡು ವರ್ಷದ ಹಿಂದೆ ನಮ್ಮ ಸಂಬಂಧದ ಹುಡುಗಿಯೊಬ್ಬಳು ಕಾರವಾರದಲ್ಲಿ ಮನೆ ಕೊಂಡಳು. ಗಾಲಿಕುರ್ಚಿಯಲ್ಲಿ ಓಡಾಡುವವಳು, ಸ್ವಂತ ದುಡಿಮೆ. ಸಾಲ ಕೊಡುವವರು ಮೊದಲು ಕೇಳಿದ್ದು, “ಜೊತೆಗೆ ಅಣ್ಣನ ಹೆಸರೂ ಸೇರಿಸಬಹುದಲ್ಲ?” ಎಂದು. ಆಕೆ ಒಪ್ಪಲಿಲ್ಲ; ಆರು ತಿಂಗಳು ತಡವಾಯಿತು. ಮನೆ ನಮ್ಮ ಕಡೆಯ ಎಲ್ಲ ಮನೆಗಳಂತೆಯೇ, ಮಳೆನೀರಿಗೆ ಅಂಜಿ ಎರಡಡಿ ಎತ್ತರದ ಪಾಯದ ಮೇಲೆ ಕುಳಿತಿದೆ. ಒಂದಡಿ ಏರಲು ಹನ್ನೆರಡಡಿ ಇಳಿಜಾರು ಬೇಕೆಂಬುದು ಗಾಲಿಕುರ್ಚಿಯ ಲೆಕ್ಕ. ಅಂದರೆ ಇಪ್ಪತ್ತನಾಲ್ಕು ಅಡಿ. ಅಂಗಳವಿದ್ದದ್ದು ಹದಿನೈದೇ ಅಡಿ. ಗವಂಡಿ ತಲೆ ಕೆರೆದುಕೊಂಡು, ಕೊನೆಗೆ ಇಳಿಜಾರನ್ನು ಅಂಗಳದ ತುದಿಯಲ್ಲಿ ತಿರುಗಿಸಿ ಜಗಲಿಯ ಬದಿಗೆ ತಂದು ಸೇರಿಸಿದ. ಗೃಹಪ್ರವೇಶದ ದಿನ ಆಕೆಯೇ ಮುಂದೆ ಹೋದಳು. ಮೆಟ್ಟಿಲು ಹತ್ತಲಾರದ ಮುದುಕರು ನಾವೆಲ್ಲ ಅವಳ ಹಿಂದೆ ಅದೇ ದಾರಿಯಿಂದ ಒಳಗೆ ಹೋದೆವು.