104ನೇ ಮೈಲಿನ ರಾಜಕೀಯ

ಚುನಾವಣೆ ಬಂದಾಗಲೆಲ್ಲ ಬೆಂಗಳೂರಿನ ಗೆಳೆಯರಿಂದ ನನಗೊಂದು ಪ್ರಶ್ನೆ ಗ್ಯಾರಂಟಿ: "ನಿಮ್ಮ ಹಳ್ಳಿ ಕಡೆ ಜನ ಏನಂತಾರೆ?" ಕೇಳುವವರ ಹತ್ತಿರ ಉತ್ತರ ಮೊದಲೇ ತಯಾರಿರುತ್ತದೆ. ಜಾತಿ ನೋಡ್ತಾರೆ, ದುಡ್ಡು ತಗೊಳ್ತಾರೆ, ಫ್ರೀ ಕೊಟ್ಟವರಿಗೆ ಹಾಕ್ತಾರೆ. ಇದೆಲ್ಲ ಸುಳ್ಳು ಅಂತ ನಾನು ವಾದ ಮಾಡಲ್ಲ. ಆದರೆ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯಲ್ಲಿರುವ ನಮ್ಮ ಬಾಗಲವಾಡದ ಅಗಸಿ ಕಟ್ಟೆಯಲ್ಲಾಗಲಿ, ಕವಿತಾಳದ ಚಹಾ ಅಂಗಡಿಯಲ್ಲಾಗಲಿ, ಮಳೆಗಾಲ ಶುರುವಾದ ಮೇಲೆ ಮೊದಲು ಏಳುವ ರಾಜಕೀಯ ಪ್ರಶ್ನೆ ಬೇರೆ: "ಗೇಜ್ ಎಷ್ಟೈತಿ?"

ಗೇಜ್ ಅಂದರೆ ನಾಲೆಯಲ್ಲಿ ನೀರಿನ ಆಳ ತೋರಿಸುವ, ಅಡಿ ಅಡಿಗೆ ಗುರುತು ಹಾಕಿದ ಪಟ್ಟಿ. ತುಂಗಭದ್ರಾ ಎಡದಂಡೆ ನಾಲೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು ಸೀಮೆಗಳನ್ನು ದಾಟಿ ರಾಯಚೂರು ಕಡೆ ಬರುತ್ತದೆ. ಒಟ್ಟು 227 ಕಿಲೋಮೀಟರ್. ದೇಶ ಕಿಲೋಮೀಟರಿಗೆ ಬದಲಾಗಿ ಎಷ್ಟೋ ಕಾಲವಾಯಿತು, ನಾಲೆಯ ಲೆಕ್ಕ ಮಾತ್ರ ಇನ್ನೂ ಮೈಲಿನಲ್ಲೇ ಇದೆ. 69ನೇ ಮೈಲಿನಲ್ಲಿ ಎಷ್ಟು, 104ನೇ ಮೈಲಿನಲ್ಲಿ ಎಷ್ಟು ಅಂತ ತಿಳಿದರೆ ಸಾಕು, ಮಾನ್ವಿ, ಸಿರವಾರ, ರಾಯಚೂರಿನ ರೈತ ತನ್ನ ಬೆಳೆಯ ಹಣೆಬರಹ ಓದಿಬಿಡುತ್ತಾನೆ. 104ರಲ್ಲಿ 6 ಅಡಿ ಗೇಜ್ ಕೊಡಿ ಎಂಬುದು ಬಹಳ ವರ್ಷಗಳ ಬೇಡಿಕೆ. ಅದಕ್ಕಾಗಿ ಧರಣಿ, ರಸ್ತೆ ತಡೆ ಎಲ್ಲ ಆಗಿವೆ. ನಮ್ಮ ಕಡೆ ನೀರು ಬಹುವಚನ. "ನೀರು ಬಂತಾ" ಅನ್ನಲ್ಲ, "ನೀರು ಬಂದಾವೇನ್ರೀ" ಅಂತೀವಿ, ನೆಂಟರನ್ನು ಕೇಳಿದ ಹಾಗೆ.

ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ದೋಆಬ್‌ಗಾಗಿ ರಾಜರು ಕಾದಾಡಿದ್ದನ್ನು ನೀವೂ ಶಾಲೆಯಲ್ಲಿ ಓದಿದ್ದೀರಿ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ ರಾಯಚೂರು ಯುದ್ಧ ಪರೀಕ್ಷೆಗೂ ಬಂದಿರಬಹುದು. ಎರಡು ದೊಡ್ಡ ಹೊಳೆಗಳ ನಡುವೆ ಇದ್ದರೂ ಈ ನೆಲ ಒಣಗಿಯೇ ಇತ್ತು, ಯಾಕಂದರೆ ಹೊಳೆ ಕೆಳಗೆ, ಹೊಲ ಮೇಲೆ. ಬರ ಬಂದರೆ ಗುಳೆ ಹೋಗುವುದೇ ದಾರಿ.

ಅಣೆಕಟ್ಟು ಕಟ್ಟಲು ಹೈದರಾಬಾದಿನ ನಿಜಾಮ ಸರ್ಕಾರ ಮತ್ತು ಮದ್ರಾಸ್ ಸರ್ಕಾರ 1944ರಲ್ಲಿ ಒಪ್ಪಂದ ಮಾಡಿಕೊಂಡವು. 1945ರ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಎಡಬದಿ ಹೈದರಾಬಾದಿನದು, ಬಲಬದಿ ಮದ್ರಾಸಿನದು. 1947ರ ಆಗಸ್ಟ್ 15ರಂದು ಬಲದಂಡೆಗೆ ಸ್ವಾತಂತ್ರ್ಯ ಬಂದಾಗ ಎಡದಂಡೆ ಇನ್ನೂ ನಿಜಾಮನ ಕೈಲಿತ್ತು. ನಮ್ಮ ಸೀಮೆ ಭಾರತಕ್ಕೆ ಸೇರಿದ್ದು 13 ತಿಂಗಳ ಮೇಲೆ, 1948ರ ಸೆಪ್ಟೆಂಬರ್ 17ರಂದು. 1953ರಲ್ಲಿ ನಾಲೆಗೆ ನೀರು ಬಿಟ್ಟಾಗ ನಾವು ಹೈದರಾಬಾದ್ ರಾಜ್ಯದವರು, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯದವರು. ಹೀಗೆ ಹತ್ತು ಹನ್ನೆರಡು ವರ್ಷದಲ್ಲಿ ನಮ್ಮ ಹಿರಿಯರು ಮೂರು ಸರ್ಕಾರ ನೋಡಿದರು. ನಾಲೆಯ ತುದಿಗೆ ನೀರು ಮುಟ್ಟಲು ಆಮೇಲೂ ವರ್ಷಗಳೇ ಹಿಡಿದವು.

ಈಗ ಅಸಲಿ ವಿಷಯ. ಈ ನಾಲೆ ಭತ್ತಕ್ಕೆ ಅಂತ ಮಾಡಿದ್ದಲ್ಲ. ಬರ ತಡೆಯಬೇಕು, ಇರುವ ನೀರನ್ನು ಸುಮಾರು 6 ಲಕ್ಷ ಎಕರೆಗೆ ತೆಳುವಾಗಿ ಹಂಚಬೇಕು, ಬಹುಪಾಲು ಜೋಳ, ಹತ್ತಿ, ಶೇಂಗಾ ಬೆಳೆಯಬೇಕು, ಭತ್ತಕ್ಕೆ ಸ್ವಲ್ಪ ಜಾಗ ಮಾತ್ರ – ಇದು ಯೋಜನೆ. ಯಾವ ಹೊಲಕ್ಕೆ ಯಾವ ಬೆಳೆ ಅಂತ ಕಾಗದದಲ್ಲಿ ಗುರುತೂ ಆಯಿತು. ಆದರೆ ಮೇಲ್ಭಾಗದಲ್ಲಿ ಹಾಗೆ ನಡೆಯಲಿಲ್ಲ. ಆಂಧ್ರದ ಕಡೆಯಿಂದ ಬಂದ ರೈತರು ಜಮೀನು ಕೊಂಡು ಕ್ಯಾಂಪ್‌ಗಳನ್ನು ಕಟ್ಟಿದರು, ಭತ್ತ ಹಚ್ಚಿದರು. ಅವರನ್ನು ನೋಡಿ ನಮ್ಮವರೂ ಹಚ್ಚಿದರು. ದುಡ್ಡು ಬಂತು, ರೈಸ್ ಮಿಲ್‌ಗಳು ಬಂದವು. ನಿಮ್ಮ ತಟ್ಟೆಯ ಸೋನಾ ಮಸೂರಿ ಇಲ್ಲಿಂದಲೇ ಬಂದಿರಬಹುದು. ಮೇಲಿನ ಗದ್ದೆ ತುಂಬಿದಷ್ಟೂ ಕೊನೆ ಭಾಗದ ಉಪಕಾಲುವೆ ಒಣಗಿತು.

ನೆದರ್ಲೆಂಡ್ಸಿನ ವಿದ್ವಾಂಸ ಪೀಟರ್ ಮೊಲಿಂಗಾ ಇದೇ ಎಡದಂಡೆ ನಾಲೆಯ ನೀರು ಹಂಚಿಕೆ ಮೇಲೆ 'ಆನ್ ದಿ ವಾಟರ್‌ಫ್ರಂಟ್' ಅಂತ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಇಲ್ಲಿ ಎಂಜಿನಿಯರ್ ಮತ್ತು ರೈತನ ನಡುವೆ ರಾಜಕಾರಣಿ ನಿಂತಿರುತ್ತಾನೆ ಎಂಬುದನ್ನು ಅವರು ವಿವರವಾಗಿ ತೋರಿಸುತ್ತಾರೆ. ಕಟ್ಟೆ ಮೇಲಿನವರಿಗೆ ಇದು ಪುಸ್ತಕ ಓದದೆಯೇ ಗೊತ್ತು. ಶಾಸಕ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಗೆ ನಮ್ಮಲ್ಲಿ ಅರ್ಥ ಒಂದೇ: ನಾಲೆಗೆ ಫೋನ್ ಮಾಡಿದರೆ ನೀರು ಬರುತ್ತಾವೋ ಇಲ್ಲವೋ? ನೀರಿನ ಕೊರತೆ ಇದ್ದ ವರ್ಷ ಅಕ್ರಮ ಪಂಪ್‌ಸೆಟ್ ತಡೆಯಲು ನಾಲೆಯ ದಂಡೆಗೆ ನಿಷೇಧಾಜ್ಞೆ ಹಾಕುತ್ತಾರೆ. ಗಲಾಟೆಗೆ ಹಾಕುವ ನಿಷೇಧಾಜ್ಞೆಯನ್ನು ನೀರಿಗೆ ಹಾಕಿದ್ದು ನೀವೆಲ್ಲಿ ಕೇಳಿದ್ದೀರಿ?

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಇಷ್ಟು. ಕಾವೇರಿ ಜಗಳದಲ್ಲಿ ಎದುರಾಳಿ ಪಕ್ಕದ ರಾಜ್ಯ, ಹಾಗಾಗಿ ಘೋಷಣೆ ಕೂಗುವುದು ಸುಲಭ. ನಮ್ಮ ಜಗಳದಲ್ಲಿ ಮೇಲಿನವನೂ ಕನ್ನಡಿಗ, ಬೀಗ, ಒಂದೇ ಜಾತಿಯವನು, ಎಷ್ಟೋ ಸಲ ಒಂದೇ ಪಕ್ಷದವನು. ಭಾಷೆ, ಜಾತಿ, ಬಾವುಟ ಯಾವುದೂ ಇಲ್ಲಿ ಪೂರ್ತಿ ಕೆಲಸಕ್ಕೆ ಬರಲ್ಲ. 2013ರಲ್ಲಿ 371ಜೆ ಜಾರಿಯಾಯಿತು, ಓದಿದ ಹುಡುಗರಿಗೆ ಸೀಟು, ನೌಕರಿಯಲ್ಲಿ ನಿಜಕ್ಕೂ ಅನುಕೂಲವಾಗಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಆಗ ನಮ್ಮೂರಿನ ಹಿರಿಯರೊಬ್ಬರು ಅಂದದ್ದು: "ಹೆಸರಿಗೆ ಕಲ್ಯಾಣ ಆತು, ನಾಲಿಗೆ ಯಾವಾಗ?" ಬೆಂಗಳೂರಿನ ತಾತ್ಸಾರದ ಬಗ್ಗೆ ನಾವು ಮಾತಾಡುವುದು ನ್ಯಾಯವೇ. ಆದರೆ ಜಿಲ್ಲೆಯ ಒಳಗೇ ಇರುವ ಮೇಲು–ಕೆಳಗಿನ ಬಗ್ಗೆ ವೇದಿಕೆ ಮೇಲೆ ಯಾರೂ ಗಟ್ಟಿಯಾಗಿ ಮಾತಾಡಲ್ಲ, ಎರಡೂ ಕಡೆ ವೋಟಿವೆ.

ಇದರ ಮೇಲೆ ಡ್ಯಾಂ ತನ್ನದೇ ವಯಸ್ಸಿನ ಕಾಯಿಲೆ ತಂದಿದೆ. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಉಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟ್‌ಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಂ ನಮ್ಮ ಕಣ್ಣೆದುರೇ ಖಾಲಿಯಾಗತೊಡಗಿತು. ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಇಳಿಸುವವರೆಗೆ, ಸುಮಾರು ಒಂದು ವಾರ, ಊರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಕ್ರಿಕೆಟ್ ಇಲ್ಲ, ಸಿನಿಮಾ ಇಲ್ಲ, ಪಕ್ಷವೂ ಇಲ್ಲ. ಬರೀ ಕ್ಯೂಸೆಕ್.

ಹೂಳಿಗೆ ಪರಿಹಾರ ಅಂತ ನವಲಿ ಸಮತೋಲನ ಜಲಾಶಯದ ಮಾತು ಎಲ್ಲ ಸರ್ಕಾರಗಳೂ ಆಡಿವೆ. ಅದಕ್ಕೆ ಪಕ್ಕದ ರಾಜ್ಯಗಳ ಒಪ್ಪಿಗೆ ಬೇಕು, ಕಾಲ ಬೇಕು, ಬಹಳ ದುಡ್ಡು ಬೇಕು. ಇರುವ ನೀರನ್ನು ಅಳೆದು ಕೊಡಲು ಯಾರ ಒಪ್ಪಿಗೆ ಬೇಕು? 69ರ ಮತ್ತು 104ರ ಗೇಜನ್ನು ದಿನಕ್ಕೆರಡು ಸಲ ಎಲ್ಲರ ಮೊಬೈಲಿಗೆ ಹಾಕಿ. ಅಕ್ರಮ ಪೈಪ್ ಕೀಳುವುದಾದರೆ ಎರಡೆಕರೆಯವನಿಂದ ಅಲ್ಲ, ಇಪ್ಪತ್ತೆಕರೆಯವನಿಂದ ಶುರು ಮಾಡಿ. ಜೋಳ, ತೊಗರಿ ಬೆಳೆದವನಿಗೆ ಭತ್ತದವನಷ್ಟೇ ಖಾತ್ರಿಯ ಖರೀದಿ ಕೊಡಿ, ಬರೀ ಬೈದರೆ ಯಾರೂ ಭತ್ತ ಬಿಡಲ್ಲ. ನೀರು ಸರಿಯಾಗಿ ಬಂದರೆ ಬಾಗಲವಾಡದವರೂ ಭತ್ತವನ್ನೇ ಹಚ್ಚುತ್ತಾರೆ ಎಂಬುದು ನನಗೆ ಗೊತ್ತು. ಅದಕ್ಕೇ ನಿಯಮ ಬೇಕಿರುವುದು.

104ರಲ್ಲಿ ಗೇಜ್ ಇಳಿದ ವರ್ಷ ನಮ್ಮ ಕಡೆಯ ಬಸ್ಸುಗಳಲ್ಲಿ ಚೀಲ, ಪಾತ್ರೆ, ಕೂಸುಗಳ ಜೊತೆ ಇಡೀ ಸಂಸಾರಗಳು ಬೆಂಗಳೂರಿಗೆ ಹೊರಡುತ್ತವೆ. ನಿಮ್ಮ ಬಡಾವಣೆಯ ಹೊಸ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಇರುವವರಲ್ಲಿ ಯಾರಾದರೂ "ಐತ್ರಿ, ಬಂದಾವ್ರಿ" ಅಂತ ಮಾತಾಡಿದರೆ ಯಾವ ಊರು ಅಂತ ಕೇಳಿ ನೋಡಿ. ದೇವದುರ್ಗ, ಮಾನ್ವಿ ಅಂತ ಹೇಳಿದರೆ, ರಾಜಕೀಯದ ಬಗ್ಗೆ ಅವರ ಅಭಿಪ್ರಾಯವನ್ನೂ ಕೇಳಿ. ನೀರಿನಿಂದಲೇ ಶುರು ಮಾಡುತ್ತಾರೆ.