ಸಾಲಕ್ಕೆ ಬೆಂಕಿಯಿಟ್ಟ ಅಂಗಡಿಕಾರ

1959ರ ಆಗಸ್ಟ್ 1. ಕೆನಡಾದ ಪಶ್ಚಿಮ ಅಂಚಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕೆಲೋನಾ ಪಟ್ಟಣದಲ್ಲಿ ಒಕನಾಗನ್ ಸರೋವರದ ದಂಡೆ ತುಂಬ ಜನ. ನೀರಿನ ಮೇಲೆ ತೇಲುತ್ತಿದ್ದ ದೋಣಿಯೊಂದರಲ್ಲಿ ಸುಮಾರು 7 ಕೋಟಿ ಡಾಲರಿನ, ರದ್ದಾದ ಸರ್ಕಾರಿ ಸಾಲಪತ್ರಗಳ ರಾಶಿ. ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿಗೆ ಸಮನಾದವರು, ಅದರತ್ತ ಉರಿಯುವ ಬಾಣ ಬಿಟ್ಟರು. ಬಾಣ ನಾಟಲಿಲ್ಲ, ಮರೆಯಲ್ಲಿದ್ದ ಪೊಲೀಸನೊಬ್ಬ ಬೆಂಕಿ ಹಚ್ಚಬೇಕಾಯಿತು ಎಂಬ ಮಾತೂ ಉಂಟು. ಅಂತೂ ಪ್ರಾಂತ್ಯ ಋಣಮುಕ್ತವಾಯಿತೆಂದು ಸಾರಲಾಯಿತು.

ಬಾಣ ಬಿಟ್ಟ ಡಬ್ಲ್ಯು.ಎ.ಸಿ. ಬೆನೆಟ್ ಅದೇ ಊರಿನ ಹಾರ್ಡ್‌ವೇರ್ ಅಂಗಡಿಯ ಮಾಲೀಕರು. 1900ರಲ್ಲಿ ದೇಶದ ಇನ್ನೊಂದು ತುದಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹುಟ್ಟಿ, ಶಾಲೆಯನ್ನು ಅರ್ಧಕ್ಕೇ ಬಿಟ್ಟು, 1930ರಲ್ಲಿ ಇಲ್ಲಿಗೆ ಬಂದವರು. 1941ರಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಶಾಸಕರಾದರು. ಪಕ್ಷದ ನಾಯಕತ್ವಕ್ಕೆ ಎರಡು ಸಲ ಸ್ಪರ್ಧಿಸಿ ಸೋತರು. 1951ರಲ್ಲಿ ಪಕ್ಷ ಬಿಟ್ಟು, ಸದನದಲ್ಲಿ ಒಂದೂ ಸ್ಥಾನವಿಲ್ಲದ ಸೋಷಿಯಲ್ ಕ್ರೆಡಿಟ್ ಸೇರಿದರು.

ಅದೃಷ್ಟ ತೆರೆದದ್ದು ಎದುರಾಳಿಗಳಿಂದಲೇ. ಸಮಾಜವಾದಿ ಸಿ.ಸಿ.ಎಫ್. ಪಕ್ಷವನ್ನು ತಡೆಯಲೆಂದು ಲಿಬರಲ್ ಮತ್ತು ಕನ್ಸರ್ವೇಟಿವ್ ಪಕ್ಷಗಳು, ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಲ್ಲಿರುವಂಥ ಪ್ರಾಶಸ್ತ್ಯ ಮತ ಪದ್ಧತಿಯನ್ನು ತಂದಿದ್ದವು. ಒಬ್ಬರ ಎರಡನೆಯ ಮತ ಇನ್ನೊಬ್ಬರಿಗೆ ಬೀಳುವುದೆಂಬ ಲೆಕ್ಕ. 1952ರ ಚುನಾವಣೆಯಲ್ಲಿ ಆ ಎರಡನೆಯ ಮತಗಳೇ ಸೋಷಿಯಲ್ ಕ್ರೆಡಿಟ್ ಪಾಲಿಗೆ ಒದಗಿದವು: 48 ಸ್ಥಾನಗಳಲ್ಲಿ ಅದಕ್ಕೆ 19, ಸಿ.ಸಿ.ಎಫ್.ಗೆ 18. ಗೆದ್ದ ಮೇಲೆ ಶಾಸಕರು ಬೆನೆಟ್‌ರನ್ನು ನಾಯಕರನ್ನಾಗಿ ಆರಿಸಿದರು. ಮರುವರ್ಷ ಬಹುಮತ ಗಳಿಸಿದ ಅವರು ಆ ಪದ್ಧತಿಯನ್ನೇ ಕೈಬಿಟ್ಟರು. ಏಣಿ ಹತ್ತಿದವನಿಗೆ ಏಣಿಯ ಹಂಗೇಕೆ?

ಬಹುಪಾಲು ಅವಧಿಗೆ ಹಣಕಾಸು ಖಾತೆ ಅವರ ಬಳಿಯೇ ಇತ್ತು. ಕೆಲೋನಾದಲ್ಲಿ ಸುಟ್ಟ ಸಾಲದ ಗುಟ್ಟು ಅಲ್ಲಿದೆ. ರೈಲ್ವೆ, ವಿದ್ಯುತ್, ಸೇತುವೆಗಳಿಗಾಗಿ ಪ್ರತ್ಯೇಕ ಸರ್ಕಾರಿ ಸಂಸ್ಥೆಗಳು ಸಾಲ ಎತ್ತುತ್ತಿದ್ದವು. ಪ್ರಾಂತ್ಯ ಬರಿಯ ಜಾಮೀನುದಾರ. ಸಾಲ ತೀರಿಲ್ಲ, ಪುಸ್ತಕ ಬದಲಾಗಿದೆ ಎಂದು ವಿರೋಧಿಗಳು ಟೀಕಿಸಿದರು. ಟೀಕೆ ನಿಜವೇ. ಆದರೆ ಆ ಹಣ ರಸ್ತೆಯಾಗಿ, ರೈಲಾಗಿ ಕಣ್ಣೆದುರಿಗಿತ್ತೆಂಬುದೂ ನಿಜ. ಪೀಸ್ ನದಿಯ ವಿದ್ಯುತ್ ಕೊಳ್ಳಲು ಖಾಸಗಿ ಕಂಪನಿ ಹಿಂಜರಿದಾಗ, 1961ರಲ್ಲಿ ಆ ಕಂಪನಿಯನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡವರು ಸಮಾಜವಾದಿಗಳನ್ನು ಸೋಲಿಸಿ ಬಂದ ಈ ವ್ಯಾಪಾರಿ.

1972ರಲ್ಲಿ ಸೋತರು, 1975ರಲ್ಲಿ ಮಗ ಬಿಲ್ ಅದೇ ಕುರ್ಚಿಗೆ ಬಂದರು, 1979ರಲ್ಲಿ ತಂದೆ ತೀರಿಕೊಂಡರು. ಪೀಸ್ ನದಿಯ ಅಣೆಕಟ್ಟಿಗೆ ಅವರದೇ ಹೆಸರು. ಎತ್ತರ 183 ಮೀಟರ್. ಅದರ ಹಿನ್ನೀರು ತ್ಸೇ ಕೇ ಡೆನೆ ಮೂಲನಿವಾಸಿಗಳ ನೆಲೆಗಳನ್ನು, ಬೇಟೆಯ ಕಾಡನ್ನು ಮುಳುಗಿಸಿತು. ಆ ನಷ್ಟ ಯಾವ ಪುಸ್ತಕದಲ್ಲೂ ಏರಲಿಲ್ಲ. ಅಣೆಕಟ್ಟಿನ ವಿದ್ಯುತ್ ದಕ್ಷಿಣದ ನಗರಗಳಿಗೆ ಹರಿಯುತ್ತಿದ್ದಾಗಲೂ, ಮುಳುಗಡೆಯ ಜನ ಮರಳಿ ಕಟ್ಟಿಕೊಂಡ ಊರಿನ ದೀಪಗಳು ದಶಕಗಳ ಕಾಲ ಉರಿದದ್ದು ಡೀಸೆಲ್ ಜನರೇಟರಿನಿಂದ.