ಹಾಡು ಕೇಳೋಕೂ ಲೈಸೆನ್ಸ್ ಬೇಕಿದ್ದ ಕಾಲ

ಸರಣಿಯ ಈ ಭಾಗ ರೇಡಿಯೋ ಬಗ್ಗೆ. ಕ್ಯಾಪ್ಷನ್ ಉದ್ದ ಇದೆ, ಉಳಿದದ್ದು ಕಾಮೆಂಟ್‌ನಲ್ಲಿ ಮುಂದುವರಿಯುತ್ತೆ. ಬಸ್ಸಲ್ಲಿ ಸೀಟ್ ಸಿಕ್ಕಿದ್ರೆ ಆರಾಮಾಗಿ ಓದಿ.

1.
ಇಯರ್‌ಫೋನ್ ಕಿವಿಗೆ ಹಾಕೋ ಮುಂಚೆ ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಿ ಬರಬೇಕು ಅಂತ ಯಾರಾದ್ರೂ ಹೇಳಿದ್ರೆ ನಗ್ತೀರಿ ಅಲ್ವಾ? ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಅದು ನಿಜವಾಗ್ಲೂ ಇತ್ತು. ಮನೆಯಲ್ಲಿ ರೇಡಿಯೋ ಇದ್ದರೆ ಲೈಸೆನ್ಸ್ ಬೇಕಿತ್ತು. ಪಾಸ್‌ಬುಕ್ ಥರದ ಒಂದು ಪುಟ್ಟ ಪುಸ್ತಕ. ಪ್ರತಿ ವರ್ಷ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಅದರಲ್ಲಿ ಸ್ಟಾಂಪ್ ಹಾಕಿಸಬೇಕು. ಇದರ ಹಿಂದಿದ್ದದ್ದು 1885ರ ಟೆಲಿಗ್ರಾಫ್ ಕಾಯ್ದೆ. ಅಂದ್ರೆ ರೇಡಿಯೋ ಹುಟ್ಟೋಕೆ ಮುಂಚಿನ ಕಾನೂನು! 1980ರ ದಶಕದಲ್ಲಷ್ಟೇ ಈ ಪದ್ಧತಿ ಹೋಯ್ತು.

ಸರಿ, ದುಡ್ಡು ಕಟ್ಟಿದ್ರಿ, ಲೈಸೆನ್ಸ್ ತಗೊಂಡ್ರಿ. ಆದರೆ ಏನು ಕೇಳಬೇಕು ಅನ್ನೋದನ್ನ ಯಾರು ತೀರ್ಮಾನ ಮಾಡ್ತಿದ್ರು? ಇವತ್ತಿನ ಕಥೆ ಅದೇ.

2.
ಶುರು ಮಾಡೋದು ಮೈಸೂರಿಂದ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಸಣ್ಣ ಪ್ರಸಾರ ಕೇಂದ್ರ ಶುರು ಮಾಡಿದರು. ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ ಇದಕ್ಕಿಂತ ಜಾಸ್ತಿ ಇರುತ್ತೆ! ಆ ಕೇಂದ್ರದ ಹೆಸರು ‘ಆಕಾಶವಾಣಿ’. 1950ರ ದಶಕದಲ್ಲಿ ಇಡೀ ಆಲ್ ಇಂಡಿಯಾ ರೇಡಿಯೋ ಇದೇ ಹೆಸರನ್ನು ತನ್ನದಾಗಿಸಿಕೊಂಡಿತು. ಮೇಷ್ಟ್ರೊಬ್ಬರು ಮನೆಯಲ್ಲಿ ಇಷ್ಟಪಟ್ಟು ಮಾಡಿದ ಕೆಲಸದ ಹೆಸರು ದೇಶದ ರೇಡಿಯೋಗೆ ಬಂತು.

ಆದರೆ ದೇಶದ ರೇಡಿಯೋ ಒಂದು ಮನೆಯ ರೇಡಿಯೋ ಥರ ಇರಲಿಲ್ಲ. ಅದು ಸರ್ಕಾರದ್ದು. ಅಲ್ಲಿ ‘ಒಳ್ಳೆ ಸಂಗೀತ’ ಯಾವುದು ಅಂತ ಮೇಲಿನವರು ಹೇಳ್ತಿದ್ರು.

3.
ಮೊದಲ ಪೆಟ್ಟು ಬಿದ್ದಿದ್ದು ಹಾರ್ಮೋನಿಯಂಗೆ. 1940ರಲ್ಲಿ, ಬ್ರಿಟಿಷರ ಕಾಲದಲ್ಲೇ, ಆಲ್ ಇಂಡಿಯಾ ರೇಡಿಯೋ ಅದನ್ನ ನಿಷೇಧಿಸಿತು. ಕಾರಣ: ಅದು ಪರದೇಶದ ವಾದ್ಯ, ಅದರ ಸ್ವರಗಳು ಕಟ್ಟಿಟ್ಟ ಹಾಗೆ, ನಮ್ಮ ಗಮಕ, ಮೀಂಡ್ ಅದರಲ್ಲಿ ಬರಲ್ಲ. ವಾದದಲ್ಲಿ ಹುರುಳಿಲ್ಲ ಅಂತ ಹೇಳೋಕಾಗಲ್ಲ. ಆದರೆ ಆಗ ನಮ್ಮ ಊರುಗಳಲ್ಲಿ ಏನು ನಡೀತಿತ್ತು ನೋಡಿ. ಕಂಪನಿ ನಾಟಕಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಇಲ್ಲದೆ ಪರದೆ ಏಳ್ತಿರಲಿಲ್ಲ. ಹುಬ್ಬಳ್ಳಿ-ಧಾರವಾಡದ ಕಡೆ ಗಾಯಕರ ಪಕ್ಕ ಅದೇ ಪೆಟ್ಟಿಗೆ. ಜನರ ನಡುವೆ ರಾಜನ ಹಾಗಿದ್ದ ವಾದ್ಯಕ್ಕೆ ರೇಡಿಯೋ ಬಾಗಿಲಲ್ಲಿ ಮಾತ್ರ ‘ಪ್ರವೇಶವಿಲ್ಲ’. ನಿಷೇಧ ಸಡಿಲ ಆಗಿದ್ದು 1971ರಲ್ಲಿ. 31 ವರ್ಷ!

4.
ಎರಡನೇ ಪೆಟ್ಟು ಸಿನಿಮಾ ಹಾಡುಗಳಿಗೆ. 1952ರಲ್ಲಿ ಬಿ. ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಅವರಿಗೆ ಶಾಸ್ತ್ರೀಯ ಸಂಗೀತ ಅಂದ್ರೆ ಪ್ರಾಣ. ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸ್ತಿದೆ ಅನ್ನೋದು ಅವರ ನಂಬಿಕೆ. ಹಾಗಾಗಿ ಸಿನಿಮಾ ಹಾಡಿನ ಸಮಯ ಕಡಿತವಾಯ್ತು, ಹಾಡುಗಳನ್ನ ಸೋಸೋದು ಶುರುವಾಯ್ತು. ಹಾಡು ಹಾಕಿದಾಗ ಸಿನಿಮಾ ಹೆಸರು ಹೇಳಿದ್ರೆ ಅದು ಜಾಹೀರಾತು ಆಗುತ್ತೆ, ಹೇಳಲ್ಲ ಅಂದರು. ನಿರ್ಮಾಪಕರು ಸಿಟ್ಟಾಗಿ, ಹಾಗಾದ್ರೆ ನಮ್ಮ ಹಾಡೇ ಬೇಡ ಬಿಡಿ ಅಂತ ಹಕ್ಕು ವಾಪಸ್ ತಗೊಂಡರು. ಕೆಲವೇ ತಿಂಗಳಲ್ಲಿ ಸರ್ಕಾರಿ ರೇಡಿಯೋದಲ್ಲಿ ಸಿನಿಮಾ ಹಾಡು ಹೆಚ್ಚು ಕಡಿಮೆ ಮಾಯ.

ಕೇಸ್ಕರ್ ಅವರನ್ನ ಬರೀ ವಿಲನ್ ಮಾಡೋದು ಸುಲಭ. ಆದರೆ ಅದೇ ವರ್ಷ ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯ್ತು. ರಾಜರ ಆಸ್ಥಾನಗಳು ಮುಚ್ಚಿಹೋಗಿ ಆಸರೆ ಕಳ್ಕೊಂಡಿದ್ದ ಕಲಾವಿದರಿಗೆ ರೇಡಿಯೋ ಸಂಬಳ ಕೊಟ್ಟಿತು. ಟಿಕೆಟ್ ತಗೊಳ್ಳೋ ಶಕ್ತಿ ಇಲ್ಲದ ಮನೆಗಳಿಗೂ ದೊಡ್ಡ ದೊಡ್ಡ ವಿದ್ವಾಂಸರ ಕಚೇರಿ ತಲುಪಿತು. ಒಳ್ಳೇದನ್ನ ಕೊಟ್ಟಿದ್ದು ತಪ್ಪಲ್ಲ. ಇನ್ನೊಂದನ್ನ ಕಿತ್ಕೊಂಡಿದ್ದೇ ಎಡವಟ್ಟಾಯ್ತು.

5.
ಆಗ ಜನ ಏನ್ ಮಾಡಿದ್ರು? ಮುಷ್ಕರ ಮಾಡಲಿಲ್ಲ. ಸುಮ್ನೆ ರೇಡಿಯೋ ಕಿವಿ ತಿರುಗಿಸಿದ್ರು, ಅಷ್ಟೇ.

ಕೊಲಂಬೊದಲ್ಲಿ ರೇಡಿಯೋ ಸಿಲೋನ್ ಇತ್ತು. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಹಾಕಿದ್ದ ಶಕ್ತಿಶಾಲಿ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್ ಅದರ ಕೈಲಿತ್ತು. ಇಡೀ ಭಾರತಕ್ಕೆ ಕೇಳಿಸ್ತಿತ್ತು. 1952ರ ಕೊನೆಯಲ್ಲಿ ಅಲ್ಲಿ ‘ಬಿನಾಕಾ ಗೀತಮಾಲಾ’ ಶುರುವಾಯ್ತು. ಬಿನಾಕಾ ಅಂದ್ರೆ ಟೂತ್‌ಪೇಸ್ಟ್. ನಿರೂಪಕ ಅಮೀನ್ ಸಯಾನಿ, ಆಗಿನ್ನೂ ಇಪ್ಪತ್ತರ ಹುಡುಗ, ನಮ್ಮದೇ ವಯಸ್ಸು! ಬುಧವಾರ ರಾತ್ರಿ ಬಂತು ಅಂದ್ರೆ ಅಂಗಡಿ, ಹೋಟೆಲ್, ಮನೆ ಜಗಲಿ ಎಲ್ಲಾ ಕಡೆ ಅದೇ ದನಿ.

ಈಗ ಬಿಕಾಂ ಕಣ್ಣಿಂದ ನೋಡಿ. ಹಾಡು ಭಾರತದ್ದು. ಕೇಳೋರು ಭಾರತದವರು. ಜಾಹೀರಾತು ಕೊಡೋ ಕಂಪನಿಗೆ ಬೇಕಿದ್ದ ಗಿರಾಕಿಯೂ ಭಾರತದವನೇ. ಕಾರ್ಯಕ್ರಮ ರೆಕಾರ್ಡ್ ಆಗ್ತಿದ್ದದ್ದೂ ಬಾಂಬೆಯಲ್ಲಿ. ಟೇಪ್ ವಿಮಾನ ಹತ್ತಿ ಕೊಲಂಬೊಗೆ ಹೋಗಿ, ಅಲ್ಲಿಂದ ಗಾಳಿಯಲ್ಲಿ ವಾಪಸ್ ನಮ್ಮ ಮನೆಗೆ! ಪ್ರಸಾರದ ಆದಾಯ ಮಾತ್ರ ಸಿಲೋನ್‌ಗೆ. ಬೇಡಿಕೆಯನ್ನ ನಿಷೇಧಿಸೋಕಾಗಲ್ಲ, ಪಕ್ಕದ ಅಂಗಡಿಗೆ ಕಳಿಸಬಹುದು ಅಷ್ಟೇ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಸರ್ಕಾರಕ್ಕೂ ಅರ್ಥವಾಯ್ತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರು. ಸಚಿವರು ಆಗಲೂ ಕೇಸ್ಕರ್ ಅವರೇ! 1967ರಲ್ಲಿ ಅದರಲ್ಲಿ ಜಾಹೀರಾತೂ ಬಂತು. ಕೊನೆಗೆ 1989ರಲ್ಲಿ ಗೀತಮಾಲಾ ಕೂಡ ವಿವಿಧ ಭಾರತಿಗೇ ಬಂತು. ಮನೆ ಬಿಟ್ಟು ಹೋದ ಮಗ 37 ವರ್ಷ ಆದ್ಮೇಲೆ ವಾಪಸ್ ಬಂದ ಹಾಗೆ.

6.
ಈ ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗೋ ಊರು ಝುಮ್ರಿ ತಲೈಯಾ. ಈಗಿನ ಜಾರ್ಖಂಡ್‌ನ ಕೋಡರ್ಮಾ ಜಿಲ್ಲೆಯ ಪುಟ್ಟ ಊರು, ಅಭ್ರಕದ ಗಣಿಗೆ ಹೆಸರಾಗಿತ್ತು. ಅಲ್ಲಿಯ ಜನ ಮೆಚ್ಚಿನ ಹಾಡು ಕೇಳಿ ಅದೆಷ್ಟು ಕಾರ್ಡ್ ಬರೀತಿದ್ರು ಅಂದ್ರೆ, ಹಿಂದಿ ರೇಡಿಯೋ ಕೇಳೋರಿಗೆಲ್ಲ ಆ ಊರಿನ ಹೆಸರು ಬಾಯಿಪಾಠ. ಎಷ್ಟೋ ಜನ ಅಂಥ ಊರೇ ಇಲ್ಲ, ತಮಾಷೆಗೆ ಹೇಳ್ತಾರೆ ಅಂದ್ಕೊಂಡಿದ್ರಂತೆ.

ಯಾಕೆ ಬರೀತಿದ್ರು? ಹಾಡಿಗಾಗಿ ಮಾತ್ರ ಅಲ್ಲ. ತಮ್ಮ ಹೆಸರು, ತಮ್ಮ ಊರಿನ ಹೆಸರು ರೇಡಿಯೋದಲ್ಲಿ ಬರಲಿ ಅಂತ. ಅಂದ್ರೆ ಆಗ ಕೇಳುಗನಿಗೆ ಒಂದು ಹೆಸರಿತ್ತು, ಊರಿತ್ತು, ಕೈಬರಹ ಇತ್ತು.

7.
ಆಮೇಲೆ ಏನಾಯ್ತು? 1995ರಲ್ಲಿ ಸುಪ್ರೀಂ ಕೋರ್ಟ್, ವಾಯುತರಂಗ ಸಾರ್ವಜನಿಕ ಸ್ವತ್ತು, ಅದರ ಮೇಲೆ ಸರ್ಕಾರದ್ದೊಂದೇ ಯಜಮಾನಿಕೆ ಸಲ್ಲದು ಅಂತ ತೀರ್ಪು ಕೊಟ್ಟಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ, ರೇಡಿಯೋ ಸಿಟಿ, ಶುರುವಾಗಿದ್ದು ನಮ್ಮ ಬೆಂಗಳೂರಲ್ಲೇ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಷೇಧವಾದಾಗ ನಮ್ಮಲ್ಲಿ ಬಹಳ ಜನ ಹೈಸ್ಕೂಲಲ್ಲಿದ್ವಿ. ಆ ನಿಷೇಧದ ಕಾರಣವೇ ಬೇರೆ, ದೇಶದ ಭದ್ರತೆಯ ಮಾತು. ಆದರೆ ಜನ ಮಾಡಿದ್ದು ಅದೇ ಹಳೇ ಕೆಲಸ. ಮುಂದಿನ ತಿಂಗಳೇ ರೀಲ್ಸ್ ಬಂತು, ಎಲ್ಲರೂ ಅಲ್ಲಿಗೆ ಶಿಫ್ಟ್.

ವ್ಯತ್ಯಾಸ ಒಂದಿದೆ. ಹಾರ್ಮೋನಿಯಂ ಬೇಡ ಅಂದವರು ಕಾರಣ ಹೇಳಿದ್ರು. ಸಿನಿಮಾ ಹಾಡು ಬೇಡ ಅಂದ ಸಚಿವರಿಗೆ ಒಂದು ಹೆಸರಿತ್ತು, ಪತ್ರಿಕೆಯಲ್ಲಿ ಬೈಯಬಹುದಿತ್ತು. ಜನ ಜಗಳ ಆಡಿದ್ರು, ಐದು ವರ್ಷಕ್ಕೆ ನೀತಿ ಬದಲಾಯ್ತು. ಇವತ್ತು ನನ್ನ ಫೀಡ್‌ನಲ್ಲಿ ಒಂದು ಹಾಡು ನೂರು ಸಲ ಬರುತ್ತೆ, ಇನ್ನೊಂದು ಭಾವಗೀತೆ ಒಂದು ಸಲನೂ ಬರಲ್ಲ. ಅದನ್ನ ಯಾರು ತೀರ್ಮಾನ ಮಾಡಿದ್ರು? ಯಾರಿಗೆ ಕಾರ್ಡ್ ಬರೀಲಿ? ಯಾರೂ ‘ಬೇಡ’ ಅಂದಿಲ್ಲ, ಅದಕ್ಕೇ ಜಗಳ ಆಡೋಕೂ ಎದುರಿಗೆ ಯಾರೂ ಇಲ್ಲ.

ಹಾಗಂತ ಫೋನ್ ಬಿಸಾಕಿ ಅಂತ ಹೇಳ್ತಿಲ್ಲ, ನೀವು ಇದನ್ನ ಓದ್ತಿರೋದೂ ಅದರಲ್ಲೇ. ವಾರಕ್ಕೆ ಒಂದು ಹಾಡನ್ನಾದ್ರೂ ಅದಾಗೇ ಬರಲಿ ಅಂತ ಕಾಯದೆ, ನೀವೇ ಹೆಸರು ಟೈಪ್ ಮಾಡಿ ಹುಡುಕಿ ಕೇಳಿ. ಅದೇ ನಮ್ಮ ಕಾಲದ ಪೋಸ್ಟ್‌ಕಾರ್ಡ್.

ಇನ್ನೊಂದು ಕೆಲಸ: ಮನೆಯ ಅಟ್ಟದಲ್ಲಿ, ತಾತನ ಟ್ರಂಕಲ್ಲಿ ಹಳೇ ರೇಡಿಯೋ ಲೈಸೆನ್ಸ್ ಪುಸ್ತಕ ಸಿಕ್ಕಿದ್ರೆ ಫೋಟೋ ಕಳಿಸಿ, ಸ್ಟೋರಿಗೆ ಹಾಕೋಣ. ಹೆಸರು, ವಿಳಾಸ ಮುಚ್ಚಿ ಕಳ್ಸಿ ಪ್ಲೀಸ್. ಮುಂದಿನ ಭಾಗದಲ್ಲಿ ಕ್ಯಾಸೆಟ್ ಮತ್ತು ಅದನ್ನ ಸುತ್ತೋಕೆ ಬಳಸ್ತಿದ್ದ ಪೆನ್ಸಿಲ್. ಸಿಗೋಣ.

#ರೇಡಿಯೋಕಥೆ #ಹಾಡಿನಹಿಂದೆ #ಕನ್ನಡದಲ್ಲಿಇತಿಹಾಸ